ಕಾರಣ: ಬಾಮೈದ

ವೇಮಗಲ್‌ನ ನಮ್ಮ ಕಾರ್ಖಾನೆಯ ಸರ್ವರ್‌ಗೆ ಹೊರಗಿನಿಂದ ಯಾರು ಲಾಗಿನ್ ಆಗಬಹುದೆಂಬ ಪಟ್ಟಿಯನ್ನು ನೋಡಿಕೊಳ್ಳುವವಳು ನಾನು. ಮೊನ್ನೆ ಸ್ಟೋರ್ಸ್‌ನ ಉಮಾಶಂಕರ್ ಕ್ಯಾಂಟೀನಿನಲ್ಲಿ ನನ್ನೆದುರೇ ಮುದ್ದೆ ನುಂಗುತ್ತಿದ್ದಾಗ, ಅವರ ಹೆಸರಿನಲ್ಲಿ ಶ್ರೀನಿವಾಸಪುರದಿಂದ ಯಾರೋ ಒಳಗೆ ಬಂದಿದ್ದರು. ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಇವತ್ತು ಬಂದು ನನ್ನ ಮೇಜು ಗುದ್ದಿದರು. "ಅವನು ನನ್ನ ಬಾಮೈದ ಕಣಮ್ಮಾ, ಕಳ್ಳನಾ? ಪಾಸ್‌ವರ್ಡ್ ನಾನೇ ಕೊಟ್ಟಿದ್ದು. ಈಗಲೇ ನನ್ನ ಹೆಸರು ಸೇರಿಸು. ಇಲ್ಲಾಂದ್ರೆ ನಾಳೆಯಿಂದ ಮನೇಲಿ ಕೂತು ರೇಷ್ಮೆ ಹುಳಕ್ಕೆ ಸೊಪ್ಪು ಹಾಕು."

ಹೆಸರು ಸೇರಿಸುವ ಅರ್ಜಿ ತೆರೆದು, ಕಾರಣ ಎಂಬಲ್ಲಿ 'ಪಾಸ್‌ವರ್ಡ್ ಬಾಮೈದನಿಗೆ ಕೊಟ್ಟಿದ್ದಾರೆ, ಅವನು ಕಳ್ಳನಲ್ಲ' ಎಂದು ಟೈಪ್ ಮಾಡಿ, ಒಪ್ಪಿಗೆಗಾಗಿ ಮ್ಯಾನೇಜರ್‌ಗೆ ಕಳಿಸಿದೆ.

"ಏನ್ ಬರೆದೆ?" ಎಂದು ಗದರಿದರು.

"ನೀವು ಹೇಳಿದ್ದೇ, ಸಾರ್."