ಎಂಬತ್ತಮೂರು ಡಿಗ್ರಿಯ ಒಳಗೆ

ಬೆಳಗ್ಗೆ ಎಂಟು ಗಂಟೆಗೆ ಕಂಪ್ಯೂಟರು ತನ್ನ ಅಂದಾಜು ಹೇಳಿತು: ವಿಡಿಯೊ ತಿದ್ದುವ ಕೆಲಸ ಮುಗಿಯಲು ಎಂಟು ಗಂಟೆ ಬೇಕು. ಚಿಕ್ಕಪ್ಪ ಗುರುಬಸವರಾಜ್ ಬಾಡಿಗೆ ಗಾಡಿ ತೆಗೆದುಕೊಂಡು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಕತ್ತಲಾಗುವ ಮುಂಚೆ ಊರು ಸೇರಬೇಕು, ನಿಮಿಷವೂ ಕಾಯುವುದಿಲ್ಲ ಎಂದು ಹಿಂದಿನ ದಿನವೇ ಹೇಳಿದ್ದರು. ಈಗಲೇ ಶುರು ಮಾಡಿದರೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಲು ಹೊತ್ತು ಉಳಿಯುವುದಿಲ್ಲ ಎಂದು ರೂಪಶ್ರೀಗೆ ಗೊತ್ತಾಯಿತು. ಗಾಬರಿಯೇನೂ ಆಗಲಿಲ್ಲ. ಅಪ್ಪ ಹೋದಾಗಿನಿಂದ ಅವಳಿಗೆ ಯಾವುದಕ್ಕೂ ಗಾಬರಿಯಾಗುತ್ತಿರಲಿಲ್ಲ.

ಅಪ್ಪ ಮಲ್ಲಿಕಾರ್ಜುನಪ್ಪ ಚನ್ನಗಿರಿಯ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಸ್ಟುಡಿಯೊ ಇಟ್ಟು, ಹೊನ್ನಾಳಿ, ನ್ಯಾಮತಿಯವರೆಗೂ ಮದುವೆಗಳ ವಿಡಿಯೊ ತೆಗೆದವರು. ಕಪಾಟಿನ ತುಂಬ ಅವರು ತೆಗೆದ ಕ್ಯಾಸೆಟ್ಟುಗಳಿದ್ದವು, ಯಾವುದರಲ್ಲೂ ಅವರಿರಲಿಲ್ಲ. ಕ್ಯಾಮೆರಾ ಯಾವಾಗಲೂ ಅವರ ಹೆಗಲ ಮೇಲಿರುತ್ತಿತ್ತು. ಕೊನೆಗೆ ನ್ಯಾಮತಿಯ ಒಂದು ಮದುವೆಯ ಕ್ಯಾಸೆಟ್ಟಿನಲ್ಲಿ ಸಿಕ್ಕರು. ಆಗ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಪರಶುರಾಮ್, ಎರಡನೇ ಕ್ಯಾಮೆರಾ ಸರಿಯಿದೆಯೋ ಇಲ್ಲವೋ ನೋಡಲು ಹನ್ನೊಂದು ನಿಮಿಷ ಅವರನ್ನೇ ಹಿಂಬಾಲಿಸಿದ್ದ. ಹಳೆಯ ಟೇಪು. ಮುಖ ಒದ್ದೆ ಗಾಜಿನ ಆಚೆ ಇದ್ದಂತೆ ಕಾಣುತ್ತಿತ್ತು.

ಮರುದಿನ ಜಗಳೂರಿನಾಚೆ ಅಪ್ಪನ ಹುಟ್ಟೂರಿನಲ್ಲಿ ಶಿವಗಣಾರಾಧನೆ, ತೀರಿಕೊಂಡ ಅಪ್ಪನ ಹೆಸರಿನ ಪೂಜೆ. ಅಜ್ಜಿ ಶಿವಗಂಗಮ್ಮನಿಗೆ ಕಣ್ಣು ಮಂದ. ಮಣ್ಣು ಮಾಡಿದ ದಿನ ಮಗನ ಮುಖದ ಮೇಲೆ ಕೈಯಾಡಿಸಿದ್ದಳೇ ಹೊರತು ಮುಖ ಕಂಡಿರಲಿಲ್ಲ. ದೊಡ್ಡ ಪರದೆಯ ಮೇಲೆ ಅಪ್ಪನನ್ನು ತೋರಿಸುತ್ತೇನೆ ಎಂದು ರೂಪಶ್ರೀ ಫೋನಿನಲ್ಲಿ ಹೇಳಿದಾಗ ಅಜ್ಜಿ, "ಮಸುಕ್ ಮಸುಕಾಗಿದ್ರೆ ಬ್ಯಾಡ ಕಣವ್ವ. ಅದು ನಂಗೆ ದಿನಾ ಕಾಣ್ತೈತೆ" ಅಂದಿದ್ದಳು.

ಆ ಮಸುಕನ್ನು ತೆಗೆಯುವ ಕೆಲಸವೇ ಈ ಎಂಟು ಗಂಟೆಯದು. ಒಂದೊಂದು ಚಿತ್ರವನ್ನೂ ಎತ್ತಿಕೊಂಡು, ತಿದ್ದಿ, ದೊಡ್ಡದು ಮಾಡಿ ಮತ್ತೆ ಜೋಡಿಸುವ ಸಾಫ್ಟ್‌ವೇರು. ಅದರ ಭಾರವೆಲ್ಲ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಊರಿನಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಆಮೇಲೆ ಕಳಿಸಿಕೊಂಡರಾಯಿತು ಎನ್ನುವ ಹಾಗಿರಲಿಲ್ಲ.

ರೂಪಶ್ರೀ ಪರಶುರಾಮನಿಗೆ ಫೋನ್ ಮಾಡಿದಳು. ಅವನೀಗ ನ್ಯಾಮತಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಕಂಪನಿಯವರು ಗೊತ್ತುಮಾಡಿದ ವೇಗಕ್ಕಿಂತ ಕಾರ್ಡನ್ನು ಸ್ವಲ್ಪ ಜೋರಾಗಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕ್ ಅಂತಾರೆ ಎಂದು ವಿವರಿಸಿದ. ಮೊದಲು ಕಾರ್ಡಿನ ಫ್ಯಾನುಗಳ ಓಟ ಹೆಚ್ಚಿಸಬೇಕು. ಆಮೇಲೆ ವೇಗವನ್ನು ಇಷ್ಟಿಷ್ಟೇ ಏರಿಸಬೇಕು, ಏರಿಸಿದಾಗಲೆಲ್ಲ ಒಂದು ಸಣ್ಣ ತುಣುಕು ಓಡಿಸಿ ನೋಡಬೇಕು. ಪರದೆ ಮೇಲೆ ಬಣ್ಣದ ಚುಕ್ಕೆ ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು. ವೋಲ್ಟೇಜಿಗೆ ಮಾತ್ರ ಕೈ ಹಚ್ಚಕೂಡದು.

"ಎಂಬತ್ಮೂರು ಡಿಗ್ರಿ ದಾಟಿಸ್ಬೇಡ, ರೂಪಾ. ಅದಕ್ಕಿಂತ ಬಿಸಿಯಾದ್ರೆ ಕಾರ್ಡು ತಾನಾಗೇ ನಿಧಾನ ಆಗ್ತೈತೆ, ಎಮ್ಮೆ ನೀರಾಗೆ ಕುಂತಂಗೆ. ಎಬ್ಸಾಕೆ ಆಗಂಗಿಲ್ಲ. ಮಧ್ಯ ನಿಂತ್ರೆ ಮತ್ತೆ ಮೊದಲಿಂದ."

ಆಮೇಲೆ, ಆ ಟೇಪು ತಾನೇ ತೆಗೆದದ್ದಾ ಎಂದು ಕೇಳಿದ. ಹೌದೆಂದಳು. ಕೈ ಬಹಳ ಅಲುಗಾಡಿರಬೇಕು, ಅಣ್ಣೋರು ಅವತ್ತು ಬೈದಿದ್ದರು ಅಂದ. ಇಬ್ಬರೂ ಅಷ್ಟಕ್ಕೇ ಫೋನ್ ಇಟ್ಟರು.

ಅವನು ಹೇಳಿದ ಹಾಗೆಯೇ ಅವಳು ಮಾಡಿದಳು. ಐದನೇ ಸಲ ಏರಿಸಿದಾಗ ಪರದೆಯಲ್ಲಿ ಹಸಿರು ಚುಕ್ಕೆಗಳು ಎದ್ದವು. ನಾಲ್ಕನೆಯದಕ್ಕೆ ಇಳಿಸಿದಳು, ಚುಕ್ಕೆ ಹೋದವು. ಎಂಟೂವರೆಗೆ ಇಡೀ ಹನ್ನೊಂದು ನಿಮಿಷವನ್ನು ಓಡಲು ಬಿಟ್ಟಳು. ಮುಗಿಯುವ ಹೊತ್ತು ಮೂರೂಮುಕ್ಕಾಲು ಎಂದು ತೋರಿಸಿತು. ಪರದೆಯ ಮೂಲೆಯಲ್ಲಿ ಉಷ್ಣತೆಯ ಅಂಕಿ ಏರುತ್ತ ಹೋಗಿ ಎಪ್ಪತ್ತಾರಕ್ಕೆ ನಿಂತಿತು.

ಅವಳು ಆ ಅಂಕಿಯನ್ನೇ ನೋಡುತ್ತ ಕೂತಳು. ಪರದೆಯ ಇನ್ನೊಂದು ಪಕ್ಕದಲ್ಲಿ ಅಪ್ಪನ ಮುಖ ಒಂದೊಂದೇ ಚಿತ್ರವಾಗಿ ತಿಳಿಯಾಗುತ್ತಿತ್ತು, ಅತ್ತ ನೋಡಬೇಕೆನಿಸಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲೂ ಹೀಗೇ ಕೂತಿದ್ದಳು. ಅಲ್ಲಿ ಮಂಚದ ಪಕ್ಕದ ಯಂತ್ರದಲ್ಲಿ ಆಮ್ಲಜನಕದ ಅಂಕಿ ಇಳಿಯುತ್ತಿತ್ತು. ಅಂಕಿ ನೋಡುವುದು ಸುಲಭ.

ಮಧ್ಯಾಹ್ನ ಹೊಸ ಪೆನ್‌ಡ್ರೈವ್ ತರಲು ಪೇಟೆಗೆ ಹೋದಳು. ವಾಪಸ್ ಬಂದಾಗ ಸ್ಟುಡಿಯೊದಲ್ಲಿ ಊದಿನಕಡ್ಡಿಯ ವಾಸನೆಯಿತ್ತು. ಅಂಕಿ ಎಂಬತ್ತಾರಕ್ಕೆ ಏರಿತ್ತು. ಮುಗಿಯುವ ಹೊತ್ತು ನಾಲ್ಕೂ ಇಪ್ಪತ್ತಕ್ಕೆ ಜಾರಿತ್ತು.

ಕಾರಣ ಎದುರಿಗೇ ಇತ್ತು. ಅವಳ ತಾಯಿ ನೇತ್ರಾವತಿ ಕಟ್ಟು ಹಾಕಿಸಿದ ಅಪ್ಪನ ಫೋಟೊ ತಂದು, ಅವರು ದಿನವೂ ಕೆಲಸಕ್ಕೆ ಕೂರುತ್ತಿದ್ದ ಮೇಜಿನ ಮೇಲೆ, ಕಂಪ್ಯೂಟರಿನ ಡಬ್ಬಕ್ಕೆ ಒರಗಿಸಿದ್ದಳು. ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿ, ಮುಂದೆ ದೀಪ ಇಟ್ಟಿದ್ದಳು. ಫೋಟೊದ ಬೆನ್ನು ಡಬ್ಬಕ್ಕೆ ಗಾಳಿ ಹೋಗುವ ಜಾಲರಿಯನ್ನು ಪೂರಾ ಮುಚ್ಚಿತ್ತು.

ರೂಪಶ್ರೀ ಬೇರೆ ದಾರಿಗಳನ್ನು ಯೋಚಿಸಿದಳು. ಟೇಬಲ್ ಫ್ಯಾನ್ ತಂದಿಟ್ಟರೆ ದೀಪ ಆರುತ್ತದೆ. ವೇಗ ಇಳಿಸಿದರೆ ಗಾಡಿಯ ಹೊತ್ತು ಮೀರುತ್ತದೆ. ಓಡುತ್ತಿರುವ ಡಬ್ಬವನ್ನು ಎಳೆದಾಡಿದರೆ ಕೆಲಸ ನಿಂತೇ ಹೋಗಬಹುದು. ಫೋಟೊವನ್ನು ಅಲ್ಲಿಂದ ತೆಗೆಯಬೇಕಾಗುತ್ತದೆ ಎಂದು ತಾಯಿಗೆ ಹೇಳಿದಳು. ಹಾರ ಹಾಕಿ ದೀಪ ಹಚ್ಚಿದ ಮೇಲೆ ಕೆಳಗಿಡಬಾರದು, ಹೊರಡೋತನಕ ಅವರ ಜಾಗದಲ್ಲೇ ಇರಲಿ ಎಂದು ನೇತ್ರಾವತಿ ಸ್ಟೂಲಿನ ಮೇಲೆ ಕೂತಳು. ಅಷ್ಟರಲ್ಲಿ ಅಂಕಿ ಒಂದು ಏರಿತು. ತಾಯಿಯ ಕಣ್ಣೂ ಅದರ ಮೇಲಿತ್ತು.

"ಎಷ್ಟಾಗೈತೆ?" ಎಂದು ಕೇಳಿದಳು.

"ಎಂಬತ್ತೇಳು."

"ಎಷ್ಟಿರ್ಬೇಕು?"

"ಎಂಬತ್ಮೂರರ ಒಳಗೆ."

ಆಸ್ಪತ್ರೆಯಲ್ಲಿ ತಾಯಿ ಕೇಳಿದ್ದೂ ಇವೇ ಎರಡು ಮಾತು. ಇಬ್ಬರಿಗೂ ಅದು ನೆನಪಾಯಿತು.

"ಫೋಟೊ ತೆಗೆದ್ರೆ ಇಳೀತೈತಾ?"

"ಇಳೀತೈತೆ."

ನೇತ್ರಾವತಿ ಎದ್ದಳು. ದೀಪವನ್ನು ಇದ್ದಲ್ಲೇ ಬಿಟ್ಟು, ಹಾರದ ಸಮೇತ ಫೋಟೊ ಎತ್ತಿಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತಳು. ಅದನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆಳಗಿಡಲಿಲ್ಲ. ಊಟ ತಂದುಕೊಡಲಾ ಎಂದರೆ ಬೇಡವೆಂದು ತಲೆಯಾಡಿಸಿದಳು. ಅಂಕಿ ಎಂಬತ್ತೊಂದಕ್ಕೆ ಬಂತು, ಆಮೇಲೆ ಎಪ್ಪತ್ತೇಳಕ್ಕೆ. ಅಲ್ಲಿಂದ ಇಬ್ಬರೂ ಅದನ್ನೇ ನೋಡಿದರು. ಹೊರಗೆ ಶಿವಮೊಗ್ಗದ ಬಸ್ಸುಗಳು ಹಾರ್ನ್ ಹಾಕಿಕೊಂಡು ಹೋದವು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೆಲಸ ಮುಗಿಯಿತು. ಪೆನ್‌ಡ್ರೈವಿಗೆ ಇಳಿಯುತ್ತಿರುವಾಗಲೇ ಗುರುಬಸವರಾಜ್ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಬಾರಿಸಿದರು. ಒಳಗೆ ಬಂದವರು ತೊಡೆಯ ಮೇಲೆ ಅಣ್ಣನ ಫೋಟೊ ಇಟ್ಟುಕೊಂಡು ಕೂತ ಅತ್ತಿಗೆಯನ್ನು ಕಂಡು, ಹೊತ್ತಾಯಿತು ಎನ್ನದೆ ಹೊರಗೆ ಹೋಗಿ ನಿಂತರು. ಜಗಳೂರು ದಾಟುವವರೆಗೂ ಫೋಟೊ ನೇತ್ರಾವತಿಯ ತೊಡೆಯ ಮೇಲೆಯೇ ಇತ್ತು.

ಮರುದಿನ ಪೂಜೆ ಮುಗಿದ ಮೇಲೆ, ದಾಸೋಹಕ್ಕೆ ಎಲೆ ಹಾಕುವ ಮುಂಚೆ ವಿಡಿಯೊ ಹಾಕಿದರು. ಅಜ್ಜಿಯನ್ನು ಪರದೆಗೆ ಮೊಳ ದೂರದಲ್ಲಿ ಕೂರಿಸಿದರು. ರೂಪಶ್ರೀ ಆ ವಿಡಿಯೊ ಪೂರ್ತಿ ನೋಡಿದ್ದು ಅದೇ ಮೊದಲು. ಅಪ್ಪ ಚಪ್ಪರದಡಿ ಓಡಾಡುತ್ತಿದ್ದರು, ಲೈಟು ಹಿಡಿದವನಿಗೆ ಬೈಯುತ್ತಿದ್ದರು. ಯಾರೋ ಊಟಕ್ಕೆ ಕರೆದಾಗಲೆಲ್ಲ ಆಮೇಲೆ ಎಂದು ಕೈ ಮಾಡಿದರು.

ಶಿವಗಂಗಮ್ಮ ಕೊನೆಯವರೆಗೂ ಅಲುಗಾಡಲಿಲ್ಲ. ಮುಗಿದ ಮೇಲೆ ಒಂದೇ ಮಾತು ಹೇಳಿದಳು:

"ಮೂರ್ ಸಲ ಕರೆದ್ರು. ಉಣ್ಣಾಕೆ ಹೋಗ್ಲೇ ಇಲ್ಲ ನೋಡು."

ಚನ್ನಗಿರಿಗೆ ವಾಪಸ್ ಬಂದ ದಿನ ರೂಪಶ್ರೀ ಕಾರ್ಡಿನ ವೇಗವನ್ನು ಮೊದಲಿದ್ದಲ್ಲಿಗೆ ಇಳಿಸಿದಳು. ಉಷ್ಣತೆ ನಲವತ್ತೊಂದು ಡಿಗ್ರಿ ಇತ್ತು. ಈ ಸಲ ಅಂಕಿ ನೋಡುತ್ತ ಕೂರಲಿಲ್ಲ.