ಹದಿನೇಳನೇ ಬಿಲ್ಲೆ

ಗೇಟಿನ ಪಕ್ಕದ ಹಲಗೆಯಲ್ಲಿ ಹದಿನೇಳನೇ ನಂಬರಿನ ಬಿಲ್ಲೆ ಮೊಳೆಗೆ ನೇತಾಡುತ್ತಿತ್ತು. ಅದು ಅವಳ ಬಿಲ್ಲೆ. ಕಾಡಿಗೆ ಹೋಗುವಾಗ ತೆಗೆದುಕೊಳ್ಳಬೇಕು, ಹೊರಗೆ ಬಂದ ಮೇಲೆ ಮತ್ತೆ ನೇತುಹಾಕಬೇಕು, ಇದು ಅಲ್ಲಿನ ನಿಯಮ. ಬಿಲ್ಲೆ ಮೊಳೆಯಲ್ಲಿದೆ ಎಂದರೆ ಆಸಾಮಿ ಹೊರಗಿದ್ದಾನೆ ಎಂದರ್ಥ. ಆದರೆ ಅವಳು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಇನ್ನೂ ಗೇಟಿನ ಒಳಗೇ ನಿಂತಿದ್ದಳು. ಆಚೆ ಕಡೆ ಗಾರ್ಡು ಸರಪಳಿ ಸುತ್ತಿ ಬೀಗ ಹಾಕುತ್ತಿದ್ದ.

"ಅಣ್ಣಾ, ಸ್ವಲ್ಪ ತಡೀರಿ," ಎಂದಳು.

ಅವನ ಕೈಯಿಂದ ಬೀಗ ಜಾರಿಬಿತ್ತು. "ನೀವು ಎಲ್ಲಿಂದ ಬಂದ್ರಿ ಅಮ್ಮಾ?"

"ಒಳಗಿಂದ. ಇನ್ನೆಲ್ಲಿಂದ ಬರ್ಲಿ?"

ದೊಡ್ಡ ಬಟ್ಟೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ, ಸೊಂಟ ಸಡಿಲಿಸುತ್ತ, ಕಾಜಾ ಹಾಕುತ್ತ ಬಂದ ಹೆಂಗಸು ಅವಳು. ಅಂಗಡಿಯವರಿಗೆಲ್ಲ ಟೇಲರಕ್ಕ. ಹೊಸ ಮ್ಯಾನೇಜರ್ ಬಂದು ನಾಲ್ಕು ತಿಂಗಳಾಗಿತ್ತು. ಕೆಲಸದವರಲ್ಲಿ ಒಗ್ಗಟ್ಟು ಬರಬೇಕಾದರೆ ಎಲ್ಲರೂ ಒಟ್ಟಿಗೆ ಕಷ್ಟಪಡಬೇಕು ಎಂದು ಯಾವನೋ ಅವನ ತಲೆಗೆ ತುಂಬಿದ್ದ. ಸರಿ, ಇಪ್ಪತ್ತಮೂರು ಜನರನ್ನು ಬಸ್ಸಿಗೆ ತುಂಬಿಸಿಕೊಂಡು ಈ ಮಳೆಕಾಡಿಗೆ ಬಂದ. ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಕ್ಯಾನ್ವಾಸ್ ಶೂಗಳನ್ನು ಎಲ್ಲರಿಗೂ ಹಂಚಿದ, ಅದನ್ನೇ ಹಾಕಿಕೊಳ್ಳಬೇಕು ಎಂದ. ಕುತ್ತಿಗೆಗೆ ಒಂದು ಸೀಟಿ ಕಟ್ಟಿಕೊಂಡ.

ಬೆಳಿಗ್ಗೆ ಗಾರ್ಡು ಬಿಲ್ಲೆ ಹಂಚಿದ ಕೂಡಲೇ ಮ್ಯಾನೇಜರ್ ಅವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ವಸೂಲಿ ಮಾಡಿದ್ದ. "ಇವರ ಕೈಲಿದ್ರೆ ಒಂದೂ ವಾಪಸ್ ಬರಲ್ಲ."

"ಅವರವರದ್ದು ಅವರವರ ಹತ್ರಾನೇ ಇರ್ಬೇಕು ಸರ್," ಎಂದಿದ್ದ ಗಾರ್ಡು.

"ಜವಾಬ್ದಾರಿ ನಂದು ಕಣ್ರೀ."

ಎರಡನೇ ಹಳ್ಳ ದಾಟಿದ ಮೇಲೆ ಅವಳ ಎಡಗಾಲಿನ ಶೂ ಬಾಯಿ ಬಿಟ್ಟಿತು. ಅಟ್ಟೆಯನ್ನು ಕೆಸರು ಎಳೆದುಕೊಂಡುಬಿಟ್ಟಿತು. ಹೇಳಿದಾಗ ಮ್ಯಾನೇಜರ್ ತಿರುಗಿಯೂ ನೋಡದೆ, "ಸರಿ ಮಾಡ್ಕೊಂಡು ಬನ್ನಿ, ತಿರುವಿನಲ್ಲಿ ನಿಂತಿರ್ತೀವಿ," ಎಂದ. ಅವಳ ಸೊಂಟದ ಚೀಲದಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ. ದಾರವನ್ನು ನಾಲ್ಕು ಪದರ ಮಾಡಿ, ಅಟ್ಟೆಯನ್ನು ಕಾಲಿಗೇ ಸೇರಿಸಿ ಸುತ್ತಿ ಬಿಗಿದು, ತಿರುವಿಗೆ ಬಂದು ನೋಡಿದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೂಗಿದಳು. ಮರಗಳು ಎಷ್ಟು ದಟ್ಟವಾಗಿದ್ದವು ಎಂದರೆ ಅವಳ ಕೂಗು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಎರಡು ದಾರಿ ಕವಲೊಡೆದ ಕಡೆ ಬಗ್ಗಿ ಕೂತು, ಕೆಸರಿನಲ್ಲಿ ತನ್ನ ಕಾಲಲ್ಲಿದ್ದಂಥದೇ ಶೂಗಳ ಗುರುತು ಹುಡುಕಿ ಹುಡುಕಿ ನಡೆದಳು. ಹೆದರಿಕೆಯಾಗಿತ್ತು, ಅತ್ತಿದ್ದಳು ಕೂಡ. ಹೊರಗೆ ಬರಲು ಎರಡೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ, ಗೇಟಿನಲ್ಲಿ ಎಲ್ಲರೂ ಗಾಬರಿಯಾಗಿ ಕಾಯುತ್ತಿರುತ್ತಾರೆ, ಯಾರೋ ಹುಡುಕಲು ಹೊರಟಿರುತ್ತಾರೆ ಎಂದುಕೊಂಡೇ ಕಾಲು ಎತ್ತಿ ಹಾಕಿದ್ದಳು.

ಯಾರೂ ಕಾದಿರಲಿಲ್ಲ. ಬಸ್ಸಿನ ಹತ್ತಿರ ನಗು ಕೇಳುತ್ತಿತ್ತು. ಗಾರ್ಡು ಗೇಟು ತೆಗೆದು ಹೊರಗೆ ಬಿಟ್ಟಾಗ ಕ್ಯಾಷಿಯರ್ ಹುಡುಗಿ ಓಡಿಬಂದು ಕೈ ಹಿಡಿದುಕೊಂಡಳು. "ಅಯ್ಯೋ ಅಕ್ಕಾ, ನೀವು ಹಿಂದಿನ ಸೀಟಲ್ಲಿ ಮಲಗಿದ್ದೀರಿ ಅಂದ್ಕೊಂಡ್ವಿ."

ಟೇಲರಕ್ಕನಿಗೆ ಮೈಯೆಲ್ಲ ಉರಿಯಿತು. ಕಾಡಿನಲ್ಲಿ ಹತ್ತಿದ ಜಿಗಣೆಗಳಿಗಿಂತ ಈ ಮಾತು ಹೆಚ್ಚು ಕಚ್ಚಿತು. ಸೀಟಿನ ತನಕ ಹೋಗಿ ಒಮ್ಮೆ ಇಣುಕಲು ಎಷ್ಟು ಹೊತ್ತು ಬೇಕು?

ಗಾರ್ಡು ಅಷ್ಟರಲ್ಲಿ ವಾಕಿಟಾಕಿಯಲ್ಲಿ ಮೇಲಿನವರಿಗೆ ವರದಿ ಮಾಡಿದ್ದ. ನಡೆದದ್ದನ್ನು ಗೇಟಿನ ಪುಸ್ತಕದಲ್ಲಿ ಬರೆಸಿ ಎಂದು ಅಪ್ಪಣೆಯಾಯಿತು. ಮ್ಯಾನೇಜರ್ ಬಂದು ತಾನೇ ನಾಲ್ಕು ಸಾಲು ಗೀಚಿದ.

"ಟೇಲರಮ್ಮ, ಇಲ್ಲೊಂದು ಸಹಿ ಹಾಕಿ, ಹೊರಡೋಣ. ಎಲ್ಲರಿಗೂ ಹಸಿವಾಗಿದೆ."

"ಓದ್ತೀನಿ ಸರ್."

ಹೀಗೆ ಬರೆದಿತ್ತು: ಸೂಚನೆ ಮೀರಿ ಸದಸ್ಯೆಯೊಬ್ಬರು ಗುಂಪು ಬಿಟ್ಟು ಹೋದರು. ಗಾರ್ಡು ಕಣ್ತಪ್ಪಿನಿಂದ ಅವರ ಬಿಲ್ಲೆಯನ್ನು ಮೊದಲೇ ನೇತುಹಾಕಿದರು. ಮುಂದಿನ ಎರಡು ಸಾಲಿನಲ್ಲಿ ತಂಡದ ನಾಯಕರ ಸಮಯಪ್ರಜ್ಞೆಯ ವರ್ಣನೆಯಿತ್ತು.

ಅವಳು ಗಾರ್ಡಿನ ಮುಖ ನೋಡಿದಳು. "ಬಿಲ್ಲೆ ನೇತುಹಾಕಿದ್ದು ನೀವಾ ಅಣ್ಣಾ?"

"ಚೀಲದಿಂದ ತೆಗೆದು ಸಾರೇ ಹಾಕಿದ್ರು," ಎಂದ ಅವನು ಮೆಲ್ಲಗೆ. "ಎಲ್ಲರೂ ಬಂದ್ರಾ ಅಂತ ಕೇಳ್ದೆ. ಇಪ್ಪತ್ತಮೂರು ಬಿಲ್ಲೆ ಕಾಣಿಸಲ್ವಾ ಅಂದ್ರು. ಆದ್ರೂ ನಾನು ತಲೆ ಎಣಿಸಬೇಕಿತ್ತಮ್ಮ. ಅದು ನನ್ನ ತಪ್ಪೇ."

ಆ ದಿನವೆಲ್ಲ 'ತಪ್ಪು' ಎಂಬ ಮಾತನ್ನು ತನ್ನ ಮೇಲೆ ಹಾಕಿಕೊಂಡವನು ಅವನೊಬ್ಬನೇ.

"ನೋಡಿ, ಅವರೇ ಒಪ್ಕೊಂಡ್ರಲ್ಲ," ಎಂದ ಮ್ಯಾನೇಜರ್.

"ಇವರ ಕೆಲಸ ಹೋದ್ರೆ?"

"ಅದು ಅವರ ಇಲಾಖೆ ವಿಷಯ. ನಮ್ಮ ಅಂಗಡಿ ಹೆಸರು ಕೆಡಬಾರದು ನೋಡಿ." ಮ್ಯಾನೇಜರ್ ಪೆನ್ನು ಮುಂದೆ ಹಿಡಿದು ದನಿ ತಗ್ಗಿಸಿದ. "ನಾಳೆ ಬೆಳಿಗ್ಗೆ ನೀವೂ ಅಂಗಡಿಗೆ ಬರ್ಬೇಕಲ್ವಾ?"

"ಹೋಗ್ಲಿ ಬಿಡಿ ಅಕ್ಕಾ," ಎಂದು ಹುಡುಗಿ ಮೊಣಕೈ ಜಗ್ಗಿದಳು.

ಹತ್ತೊಂಬತ್ತು ವರ್ಷ ಅವಳು ಹೋಗಲಿ ಬಿಡು ಎಂದೇ ಬಂದವಳು. ಗಿರಾಕಿ ಅಳತೆ ತಪ್ಪು ಕೊಟ್ಟರೂ ಬೈಗುಳ ಅವಳಿಗೆ, ಸೇಲ್ಸಿನವರು ಚೀಟಿ ಅದಲುಬದಲು ಮಾಡಿದರೂ ಬೈಗುಳ ಅವಳಿಗೆ. ಒಂದು ದಿನವೂ ಎದುರಾಡಿದವಳಲ್ಲ. ಕೆಲಸ ಬೇಕಿತ್ತು, ಈಗಲೂ ಬೇಕು. ಆದರೆ ಕಾಡಿನಲ್ಲಿ ಬಿಟ್ಟುಬಂದದ್ದೂ ಅಲ್ಲದೆ, ಅದರ ಗೂಬೆಯನ್ನು ಬೇರೊಬ್ಬ ಬಡಪಾಯಿಯ ತಲೆ ಮೇಲೆ ಕೂರಿಸಲು ತನ್ನ ಸಹಿಯನ್ನೇ ಕೇಳುತ್ತಿದ್ದಾನಲ್ಲ ಈ ಮನುಷ್ಯ.

ಪೆನ್ನು ತೆಗೆದುಕೊಂಡಳು. ಅವನು ಗೀಚಿದ ನಾಲ್ಕು ಸಾಲಿನ ಕೆಳಗೆ ಉದ್ದಕ್ಕೂ ಒಂದು ಗೆರೆ ಎಳೆದು, ಬೆಳಿಗ್ಗೆ ಎಷ್ಟು ಗಂಟೆಗೆ ಬಿಲ್ಲೆ ಹಂಚಿದರು ಎನ್ನುವಲ್ಲಿಂದ ಶುರುಮಾಡಿದಳು. ಅಕ್ಷರ ದುಂಡಗೆ, ಒಂದೊಂದಾಗಿ ಬೀಳುತ್ತಿತ್ತು. ಪ್ಲಾಸ್ಟಿಕ್ ಚೀಲ ಬಂತು. ಜವಾಬ್ದಾರಿ ನಂದು ಎಂದ ಮಾತು ಬಂತು. ಶೂ ಯಾರು ಕೊಟ್ಟದ್ದು ಎನ್ನುವುದೂ ಬಂತು.

"ಏನ್ರೀ ಅದು, ರಾಮಾಯಣ ಬರೀತಿದ್ದೀರಾ? ಸಹಿ ಅಷ್ಟೇ ಕೇಳಿದ್ದು ನಾನು."

ಅವಳು ಮುಂದಿನ ಸಾಲು ಶುರುಮಾಡಿದಳು.

"ನೋಡಿ, ಬಸ್ಸು ಹೊರಟುಬಿಡುತ್ತೆ."

"ಹೊರಡ್ಲಿ ಸರ್. ನನ್ನ ಬಿಟ್ಟು ಹೋಗೋದು ನಿಮಗೇನು ಹೊಸದಲ್ಲವಲ್ಲ."

ಮ್ಯಾನೇಜರ್ ಬಸ್ಸಿನ ಕಡೆ ತಿರುಗಿ, ಹೊರಡು ಎಂದು ಕೈ ಬೀಸಿದ. ಕಿಟಕಿಗಳಲ್ಲಿ ಸಾಲಾಗಿ ಮುಖಗಳಿದ್ದವು, ಯಾರೂ ನಗುತ್ತಿರಲಿಲ್ಲ. ಡ್ರೈವರ್ ಒಂದು ಗಳಿಗೆ ಅವನನ್ನು ನೋಡಿದ, ಪುಸ್ತಕದ ಮೇಲೆ ಬಗ್ಗಿದ್ದ ಅವಳನ್ನು ನೋಡಿದ. ಆಮೇಲೆ ಆಗಲೇ ಶುರುಮಾಡಿದ್ದ ಇಂಜಿನ್ ಆರಿಸಿ, ಸೀಟಿಗೆ ಒರಗಿ ಕೂತ.

ಹನಿ ಬೀಳಲು ಶುರುವಾಯಿತು. ಗಾರ್ಡು ಕೊಡೆ ಬಿಚ್ಚಿ ಪುಸ್ತಕದ ಮೇಲೆ ಹಿಡಿದ. ಟೇಲರಕ್ಕ ಪುಟ ತಿರುಗಿಸಿದಳು.