ನೀರಿಲ್ಲದ ಬ್ಯೂಕಿನೊಳಗೆ ನೀರು

ತಿರುಗದೆ ಹಿಡಿದುಕೊಂಡ ಎಂಜಿನ್ನುಗಳನ್ನು ನಾನು ಬೇಕಾದಷ್ಟು ಬಿಡಿಸಿದ್ದೇನೆ. ಲಾರಿಯದು, ಟ್ರ್ಯಾಕ್ಟರಿನದು, ನಮ್ಮ ಮಾಗಡಿ ಕಡೆಯ ಪಂಪ್‌ಸೆಟ್ಟಿನದು. ಪ್ರತಿಯೊಂದಕ್ಕೂ ಕಾರಣ ಇರುತ್ತದೆ. ಎಣ್ಣೆ ಇರಲಿಲ್ಲ, ನೀರಿರಲಿಲ್ಲ, ಇಲ್ಲವೇ ಓಡಿಸಿದವನಿಗೆ ಬುದ್ಧಿ ಇರಲಿಲ್ಲ. ಬಸವೇಶ್ವರನಗರದ ಆ ಹಳೆಯ ಅಮೆರಿಕನ್ ಬ್ಯೂಕ್ ಕಾರಿನಲ್ಲಿ ಮಾತ್ರ ಇವು ಯಾವುವೂ ತಾಳೆಯಾಗದೆ ನನ್ನ ತಲೆ ಕೆಟ್ಟುಹೋಯಿತು.

ಕಾರು ಗುರುಬಸಪ್ಪ ಎಂಬ ದಾವಣಗೆರೆಯ ಹತ್ತಿ ವ್ಯಾಪಾರಿಯದು. ಅವರು ಬೆಂಗಳೂರಿಗೆ ಬಂದು ಮನೆ ಕಟ್ಟಿ, ಇಲ್ಲೇ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಅಂದಿನಿಂದ ಕಾರು ಶೆಡ್ಡಿನಲ್ಲೇ ನಿಂತಿತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ನನ್ನ ಗ್ಯಾರೇಜಿಗೆ ಗುರುಬಸಪ್ಪನವರ ಮಗ ಚನ್ನಮಲ್ಲಪ್ಪ ಬಂದದ್ದು ಎಂಬತ್ತೈದರಲ್ಲಿ, ಗಣೇಶನ ಹಬ್ಬ ಕಳೆದ ಮೇಲೆ. ಬ್ಯಾಂಕಿನಲ್ಲಿ ಆಫೀಸರು, ಮಾತು ನೇರ.

"ನೋಡಿ ವೆಂಕಟಗಿರಿ, ನಾನು ಬುಕ್ ಮಾಡಿದ ಮಾರುತಿ ದಸರಾಗೆ ಬರುತ್ತೆ. ಇರೋದು ಒಂದೇ ಶೆಡ್ಡು. ಅಪ್ಪಾಜಿ ಕಾರು ಕೊಡೋಕೆ ಅವ್ವ ಇಷ್ಟು ದಿನ ಒಪ್ಪಿರಲಿಲ್ಲ. ಅದು ಸ್ಟಾರ್ಟ್ ಆಗಿ, ಇನ್ಮೇಲೆ ನಂಬಬಹುದು ಅಂತ ನೀವು ಹೇಳಿದ್ರೆ ಇಟ್ಕೋತೀನಿ. ಇಲ್ಲಾಂದ್ರೆ ಮಹಾಲಯ ಅಮಾವಾಸ್ಯೆ ಮಾರನೇ ದಿನ ಗುಜರಿಯವನು ಬರ್ತಾನೆ."

"ಅಮ್ಮ ಒಪ್ತಾರಾ?"

"ಅವ್ವನೇ ಒಪ್ಪಿದಾರೆ. ಆಗದೇ ಇದ್ರೆ ಒಯ್ಯಲಿ ಅಂದಿದಾರೆ."

ಹೋಗಿ ನೋಡಿದೆ. ಅರ್ಧ ರಸ್ತೆ ತುಂಬುವಂಥ ಕಪ್ಪು ಗಾಡಿ. ಮೇಲಿನ ಬಣ್ಣ ಮಂಕಾಗಿತ್ತು, ಟೈರುಗಳು ಬಿರಿದು ಕೂತಿದ್ದವು, ಸೀಟಿನಲ್ಲಿ ಇಲಿ ಗೂಡು ಕಟ್ಟಿತ್ತು. ಆದರೆ ಪಕ್ಕದಿಂದ ಎತ್ತುವ ಅದರ ಬಾನೆಟ್ಟಿನ ಮೇಲೆ ಧೂಳಿರಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಗುರುಬಸಪ್ಪನವರ ಹೆಂಡತಿ ನೀಲಗಂಗಮ್ಮ ಕೇಳಿದರು:

"ಏನಪಾ, ಜೀವ ಐತೇನು?"

"ಕಬ್ಬಿಣಕ್ಕೆ ಜೀವ ಎಲ್ಲಿರುತ್ತಮ್ಮ."

"ಹಂಗಾರ ನೀ ಯಾಕ ಬಂದೀ?"

ನಾನು ಬಾನೆಟ್ ಎತ್ತಿದೆ.

ರೇಡಿಯೇಟರ್ ಒಣಗಿತ್ತು. ಯಾರೋ ತಿಳಿದವರು ನೀರು ಬಸಿದು, ಕೆಳಗಿನ ನಲ್ಲಿಯನ್ನು ತೆರೆದೇ ಬಿಟ್ಟಿದ್ದರು. ಗಾಳಿ ಎಳೆಯುವ ಬಾಯಿಗೆ ಬಟ್ಟೆ ಕಟ್ಟಿದ್ದರು. ಎಂಟು ಪ್ಲಗ್ ಬಿಚ್ಚಿದೆ, ಅಲ್ಲೂ ಎಣ್ಣೆ ಬಿಟ್ಟ ಗುರುತಿತ್ತು. ಇಷ್ಟು ಜೋಪಾನವಾಗಿ ನಿಲ್ಲಿಸಿದ ಗಾಡಿ ಹಿಡಿದುಕೊಂಡದ್ದು ಹೇಗೆ? ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ ನೋಡಲು ಮುಂದಿನ ಪುಲ್ಲಿಗೆ ಪಾನಾ ಹಾಕಿ, ಪಾನಾಕ್ಕೆ ಪೈಪು ಸೇರಿಸಿ ಜಗ್ಗಿದೆ. ಬಂಡೆ ಜಗ್ಗಿದ ಹಾಗಿತ್ತು.

ಕೆಳಗೆ ನುಗ್ಗಿ ಎಣ್ಣೆ ನಿಲ್ಲುವ ಚೇಂಬರಿನ ಬೋಲ್ಟು ಬಿಚ್ಚಿದೆ. ಎಣ್ಣೆ ಬರಲಿಲ್ಲ. ನೀರು ಬಂತು. ಕೆಂಪಗೆ, ತುಕ್ಕು ಬೆರೆತು, ಬಕೆಟ್ಟು ತುಂಬುವಷ್ಟು ಬಂತು. ಆಮೇಲೆ ಮಜ್ಜಿಗೆಯಂಥ ಮಡ್ಡಿ, ಕೊನೆಗೆ ಒಂದಿಷ್ಟು ಎಣ್ಣೆ. ನೀರು ಕ್ರ್ಯಾಂಕಿನವರೆಗೂ ಏರಿ ನಿಂತಿತ್ತು. ಆ ತೇವಕ್ಕೆ ಪಿಸ್ಟನ್ನುಗಳೂ ತುಕ್ಕು ಹಿಡಿದು ಅಂಟಿಕೊಂಡಿದ್ದವು.

ಎಂಜಿನ್ನಿನ ಸುತ್ತ ಹನಿ ನೀರಿಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಕೆರೆ.

ಶೆಡ್ಡಿನ ಮಾಡು ಸೋರುತ್ತದೆಯೇ ನೋಡಿದೆ. ಶೀಟು ಗಟ್ಟಿಯಾಗಿತ್ತು. ಎಂಜಿನ್ನಿನ ಮೇಲ್ಭಾಗದ ಹೆಡ್ಡು ಒಡೆದಿರಬೇಕು ಎಂದು ಅದನ್ನು ಬಿಚ್ಚಿ, ತಿರುವಿ, ಸೀಮೆಎಣ್ಣೆ ಬಿಟ್ಟು ಪರೀಕ್ಷೆ ಮಾಡಿದೆ. ಒಂದು ಕೂದಲೆಳೆ ಬಿರುಕೂ ಇಲ್ಲ. ಹೆಡ್ಡು ಒಡೆದಿದ್ದರೂ ಒಣಗಿದ ರೇಡಿಯೇಟರಿನಿಂದ ನೀರು ಎಲ್ಲಿಂದ ಬರಬೇಕು? ಹೀಗೆ ಯೋಚಿಸಿ ಯೋಚಿಸಿ, ಊಟದ ಹೊತ್ತಿನಲ್ಲಿ ನನ್ನ ಹೆಂಡತಿಯ ಮೇಲೆ ರೇಗಿದೆ. ಆಕೆ ಸಾರಿನ ಪಾತ್ರೆ ನನ್ನ ಮುಂದೆ ಕುಕ್ಕಿ, "ನೀರು ಜಾಸ್ತಿ ಆಗಿದ್ರೆ ಅದನ್ನೂ ಬಿಚ್ಚಿ ನೋಡಿ" ಎಂದಳು.

ಕಾರಣ ತಿಳಿಯದಿದ್ದರೂ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಸೀಮೆಎಣ್ಣೆಗೆ ಬ್ರೇಕ್ ಆಯಿಲ್ ಬೆರೆಸಿ ಪಿಸ್ಟನ್ನುಗಳ ತಲೆಯ ಮೇಲೆ ತುಂಬಿಸಿಟ್ಟೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತಿದ್ದೆ. ಜೋರಾಗಿ ಹೊಡೆದರೆ ಪಿಸ್ಟನ್ ಒಡೆಯುತ್ತದೆ, ಈ ಗಾಡಿಗೆ ಬೇರೆ ಪಿಸ್ಟನ್ ಎಲ್ಲೂ ಸಿಗುವುದಿಲ್ಲ. ಮೆತ್ತಗೆ ತಟ್ಟುವುದು ನನ್ನ ಜಾಯಮಾನವಲ್ಲ. ಆದರೂ ತಟ್ಟಿದೆ. ನೀಲಗಂಗಮ್ಮ ಜಗಲಿಯಿಂದ ನೋಡುತ್ತಿದ್ದರು.

"ಹೊಂಟತೇನು?"

"ಇಲ್ಲಮ್ಮ."

"ಅಮಾಸಿ ಹತ್ರ ಬಂತು."

"ನನಗೂ ಕ್ಯಾಲೆಂಡರ್ ಓದೋಕೆ ಬರುತ್ತಮ್ಮ."

ಒಂದು ಬೆಳಿಗ್ಗೆ ಪೈಪು ಜಗ್ಗಿದಾಗ ಒಳಗೆ ಲಟಕ್ ಎಂದಿತು. ಏನೋ ಮುರಿಯಿತು ಎಂದುಕೊಂಡೆ. ಮುರಿದಿರಲಿಲ್ಲ. ಪುಲ್ಲಿ ಒಂದು ಬೆರಳಷ್ಟು ತಿರುಗಿತ್ತು. ಹಿಂದಕ್ಕೆ ಮುಂದಕ್ಕೆ ಆಡಿಸುತ್ತಾ ಸಂಜೆಯ ಹೊತ್ತಿಗೆ ಪೂರ್ತಿ ಒಂದು ಸುತ್ತು ಬಂತು. ಆಮೇಲೆ ಪಿಸ್ಟನ್ನುಗಳನ್ನು ಹೊರಗೆ ತೆಗೆದು, ತುಕ್ಕು ಉಜ್ಜಿ, ಬೇರಿಂಗುಗಳನ್ನು ನಯ ಮಾಡಿ, ಎಲ್ಲವನ್ನೂ ಮತ್ತೆ ಜೋಡಿಸಿದೆ.

ಸಂತೋಷಪಡಬೇಕಿತ್ತು. ಆದರೆ ಚನ್ನಮಲ್ಲಪ್ಪ ಕೇಳಿದ್ದು ಬರೀ ಸ್ಟಾರ್ಟ್ ಮಾಡುವುದನ್ನಲ್ಲ, ನಂಬಬಹುದೇ ಎಂಬುದನ್ನು. ನೀರು ಎಲ್ಲಿಂದ ಬಂತು ಎಂದೇ ತಿಳಿಯದವನು ಏನೆಂದು ಭರವಸೆ ಕೊಡಲಿ? ಉಳಿದದ್ದು ಒಂದೇ ದಾರಿ. ಯಾರೋ ಬೇಕೆಂದೇ ನೀರು ಹೊಯ್ದಿದ್ದಾರೆ. ಬಾನೆಟ್ ಎತ್ತಲು ಗೊತ್ತಿದ್ದವನು ಗುರುಬಸಪ್ಪನವರ ಹಳೆಯ ಡ್ರೈವರ್ ಮುನಿಯಣ್ಣ ಒಬ್ಬನೇ.

ಆ ಮುನಿಯಣ್ಣನ ಮನೆ ಬಾಪೂಜಿ ನಗರದಲ್ಲಿತ್ತು. ಹೋದವನೇ ಕೇಳಿದೆ: "ಏನ್ ಮುನಿಯಣ್ಣ, ಧಣಿ ಸತ್ತ ಮೇಲೆ ಗಾಡಿಗೆ ನೀರು ಕುಡಿಸಿ ಬಂದ್ರಾ?"

ಮುದುಕ ಹಾಸಿಗೆಯಿಂದ ಎದ್ದು ಕೂತ. "ಯಾವನಯ್ಯ ನೀನು?"

"ಆ ಎಂಜಿನ್ ಬಿಚ್ಚಿದವನು. ಚೇಂಬರ್ ತುಂಬ ನೀರಿತ್ತು."

"ರೇಡಿಯೇಟರ್ ನೀರು ಬಸಿದು ನಿಲ್ಸಿದೋನು ನಾನು. ಒಂದೊಂದು ಪ್ಲಗ್ಗೂ ಬಿಚ್ಚಿ ಎಣ್ಣೆ ಬಿಟ್ಟೋನು ನಾನು. ನನ್ನ ಮಕ್ಕಳ ಮೈ ಕೂಡ ಹಂಗೆ ಒರೆಸಿಲ್ಲ ಕಣಯ್ಯ. ನೀರು ಹಾಕೋ ಕೈಯಾ ಇದು?"

"ಮತ್ತೆ ಇನ್ಯಾರು ಹಾಕ್ತಾರೆ?"

"ನೀನೇ ತಾನೆ ಮೇಸ್ತ್ರಿ? ನೀನೇ ಹೇಳು."

ಒಳಗಿನಿಂದ ಅವನ ಹೆಂಡತಿ, "ಕಾಫಿ ಆಗ್ತಾ ಇದೆ, ಕುಡ್ಕೊಂಡು ಜಗಳ ಆಡಿ" ಎಂದರು. ನಾನು ಕುಡಿಯದೆ ಎದ್ದು ಬಂದೆ. ಅವನು ಸುಳ್ಳು ಹೇಳುತ್ತಿಲ್ಲ ಎಂದು ಮನಸ್ಸಿಗೆ ಗೊತ್ತಾಗಿತ್ತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಅಮಾವಾಸ್ಯೆಯ ಬೆಳಿಗ್ಗೆ ಹೊಸ ಎಣ್ಣೆ ತುಂಬಿಸಿ, ಬ್ಯಾಟರಿ ತರಿಸಲು ಹೇಳಿ, ಕಾರಿನ ಹಿಂದೆ ಕೂತು ಪೆಟ್ರೋಲ್ ಪೈಪು ಸರಿಮಾಡುತ್ತಿದ್ದೆ. ಹೆಜ್ಜೆ ಸಪ್ಪಳವಾಯಿತು. ನೀಲಗಂಗಮ್ಮ ಮಿಂದು, ಹಣೆ ತುಂಬ ವಿಭೂತಿ ಧರಿಸಿ, ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದು ಬಂದರು. ನಾನಿರುವುದನ್ನು ನೋಡಲಿಲ್ಲ. ತೆರೆದಿದ್ದ ಬಾನೆಟ್ಟಿನೊಳಗೆ ಬಾಗಿ, ಎಂಜಿನ್ನಿನ ಮೇಲಿನ ಎಣ್ಣೆಯ ಮುಚ್ಚಳ ತಿರುವಿ ತೆಗೆದು, ತಂಬಿಗೆಯ ನೀರನ್ನು ಅದರೊಳಗೆ ನಿಧಾನವಾಗಿ ಹೊಯ್ದರು. ತಂಬಿಗೆಯನ್ನು ಕಣ್ಣಿಗೊತ್ತಿಕೊಂಡು ಮುಚ್ಚಳ ಹಾಕಿದರು.

"ಅಮ್ಮ, ಏನು ಮಾಡ್ತಾ ಇದೀರಿ ನೀವು?" ನನ್ನ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಅವರು ಬೆಚ್ಚಲಿಲ್ಲ. "ಯಾಕ ಒದರತೀ? ಪಾದೋದಕ ಕೊಟ್ಟೆ."

"ಎಂಜಿನ್‌ಗಾ?"

"ಈ ಮನಿಯಾಗ ಪೂಜಿ ಆಗಿ, ಲಿಂಗದ ಪಾದೋದಕ ತಗೊಳ್ಳದ ಯಾರೂ ಬಾಯಾಗ ಏನೂ ಹಾಕಂಗಿಲ್ಲ. ಅಮಾಸಿ ದಿನ ಗಾಡಿಗೂ ಹಂಗ. ಮೊದಲ ಪಾದೋದಕ, ಆಮ್ಯಾಲ ಪೆಟ್ರೋಲು. ಅವರು ತಮ್ಮ ಕೈಯಾರ ಕೊಡತಿದ್ರು. ಅವರು ಹೋದ ಮ್ಯಾಲ ನಾನು. ಒಂದು ಅಮಾಸೀನೂ ತಪ್ಪಿಸಿಲ್ಲ."

"ಅವರು ಯಾವುದರೊಳಗೆ ಹಾಕ್ತಿದ್ರು?"

"ಮ್ಯಾಲ ಮುಚ್ಚಳ ತೆಗದು."

ಮೇಲೆ ಎರಡು ಮುಚ್ಚಳಗಳಿದ್ದವು. ಮುಂದಿನದು ರೇಡಿಯೇಟರಿನದು, ಹಿಂದಿನದು ಎಣ್ಣೆಯದು. ಗುರುಬಸಪ್ಪನವರು ಹಾಕುತ್ತಿದ್ದದ್ದು ಮುಂದಿನದಕ್ಕೆ, ಅಲ್ಲಿ ಇರಬೇಕಾದದ್ದೂ ನೀರೇ. ನಾನು ಬೆರಳು ತೋರಿಸಿ ಹೇಳಿದೆ. ಮೆತ್ತಗೆ ಹೇಳಬೇಕೆಂದುಕೊಂಡೆ, ಆಗಲಿಲ್ಲ. "ಇಷ್ಟು ವರ್ಷ ನೀವೇ ಕೈಯಾರ ಇದನ್ನ ಮುಳುಗಿಸಿದೀರಿ" ಎಂದುಬಿಟ್ಟೆ.

ನೀಲಗಂಗಮ್ಮ ಎರಡೂ ಮುಚ್ಚಳ ನೋಡಿದರು. ಖಾಲಿ ತಂಬಿಗೆ ನೋಡಿದರು. ಒಳಗೆ ಹೋದರು.

ನಾನು ಯಾರನ್ನು ಬೈಯಬೇಕು? ಮುನಿಯಣ್ಣನನ್ನು ಕಳ್ಳನ ಹಾಗೆ ಕೇಳಿ ಬಂದಿದ್ದೆ. ಆ ತಾಯಿ ಮಾಡಿದ್ದು ತಪ್ಪೋ ಭಕ್ತಿಯೋ? ನಾನೇ ಆಯುಧಪೂಜೆಯ ದಿನ ಸ್ಪ್ಯಾನರುಗಳಿಗೆ ಅರಿಶಿನ ಕುಂಕುಮ ಹಚ್ಚುವವನು. ತಲೆಯಲ್ಲಿ ಎಲ್ಲ ಕಲಸಿಹೋಯಿತು. ಹೊಸ ಎಣ್ಣೆ ಮತ್ತೆ ಇಳಿಸಿ, ಚೇಂಬರ್ ಒರೆಸಿ, ಬೇರೆ ಎಣ್ಣೆ ತುಂಬಿಸಿದೆ. ರೇಡಿಯೇಟರಿನ ನಲ್ಲಿ ಮುಚ್ಚಿ ಅದಕ್ಕೆ ನೀರು ತುಂಬಿಸಿದೆ.

ಸಂಜೆ ಚನ್ನಮಲ್ಲಪ್ಪ ಬ್ಯಾಂಕಿನಿಂದ ಬಂದರು. ನೀಲಗಂಗಮ್ಮ ಜಗಲಿಯ ಕುರ್ಚಿಯಲ್ಲಿದ್ದರು, ನನ್ನ ಕಡೆ ನೋಡಲಿಲ್ಲ. ಸ್ಟಾರ್ಟ್ ಮಾಡಿದೆ. ಮೊದಲು ಕೆಮ್ಮಿತು, ಆರಿತು. ಮತ್ತೆ ಮಾಡಿದೆ. ಶೆಡ್ಡು ತುಂಬ ಬಿಳಿ ಹೊಗೆ ಬಂತು. ಹೊಗೆಯ ನಡುವೆ ಎಂಜಿನ್ನು ಕುಂಟುತ್ತಾ ಕುಂಟುತ್ತಾ, ಆಮೇಲೆ ಸರಿಯಾಗಿ ತಿರುಗತೊಡಗಿತು.

ಚನ್ನಮಲ್ಲಪ್ಪ ಹೊಗೆಯನ್ನು ಕೈಯಿಂದ ಬೀಸಿಕೊಂಡು ಹತ್ತಿರ ಬಂದರು. "ಯಾಕೆ ಹಿಡ್ಕೊಂಡಿತ್ತು ಅಂತ ಗೊತ್ತಾಯ್ತಾ?"

ನಾನು ಸುಳ್ಳು ಹೇಳುವವನಲ್ಲ. ಆದರೆ ಆ ಮುದುಕಿಯ ಮುಖ ನೋಡಿ ಬಾಯಿ ತಾನೇ ತೆರೆಯಿತು. "ಹಳೇ ಗಾಡಿ ಸಾರ್. ನಿಂತಲ್ಲೇ ನಿಂತ್ರೆ ತೇವ ಹಿಡಿದು ಅಂಟ್ಕೊಳುತ್ತೆ."

"ಇನ್ಮೇಲೂ ನಿಲ್ಲೋದೇ ತಾನೆ? ಇದನ್ನ ದಿನಾ ಓಡಿಸೋರು ಯಾರು?"

"ಅದು..."

"ಅಂದ್ರೆ ಮತ್ತೆ ಹಿಡ್ಕೊಳುತ್ತೆ. ಮತ್ತೆ ನಿಮ್ಮನ್ನ ಕರೀಬೇಕು." ಅವರು ಕನ್ನಡಕ ಒರೆಸಿಕೊಂಡರು. "ಅವ್ವ, ನಿನಗೂ ಕೇಳಿಸ್ತಲ್ಲ. ನಾಳೆ ಒಯ್ಯಲಿ ಬಿಡು."

ಮುಚ್ಚಿಡಲು ಹೋಗಿ ನಾನೇ ಗಾಡಿಯನ್ನು ಗುಜರಿಗೆ ನೂಕಿದ್ದೆ. ನಿಜ ಹೇಳಿದರೆ ಆ ತಾಯಿಯ ಮಾನ, ಹೇಳದಿದ್ದರೆ ಆ ತಾಯಿಯ ಗಾಡಿ ಹೋಗುತ್ತಿತ್ತು. ಕೈ ಒರೆಸುವ ಬಟ್ಟೆ ಹಿಂಡುತ್ತಾ ನಿಂತೆ.

"ನಿಂತದ್ದಕ್ಕ ಅಲ್ಲ," ಎಂದರು ನೀಲಗಂಗಮ್ಮ ಕುರ್ಚಿಯಿಂದಲೇ. "ನಾನು ನೀರು ಹಾಕೀನಿ. ಅಮಾಸಿ ಅಮಾಸಿಗೆ ಪಾದೋದಕ. ರೇಡಿಯೇಟರಿಗೆ ಹಾಕೂದನ್ನ ಎಣ್ಣಿ ಬಾಯಾಗ ಹಾಕೀನಿ. ಇವತ್ತ ಮುಂಜಾನೀನೂ ಹಾಕೀನಿ. ಇಂವಾ ನನ್ನ ಮರ್ಯಾದಿ ಕಾಯಾಕ ಸುಳ್ಳು ಹೇಳಾಕತ್ತಾನ."

ಚನ್ನಮಲ್ಲಪ್ಪ ಅವರನ್ನು ನೋಡಿದರು, ನನ್ನನ್ನು ನೋಡಿದರು. "ಅಷ್ಟೂ ವರ್ಷ?"

"ಅಷ್ಟೂ ವರ್ಷ."

"ಹೌದೇನ್ರಿ ವೆಂಕಟಗಿರಿ?"

"ಹೌದು ಸಾರ್."

"ಅದು ಬಿಟ್ಟು ಬೇರೆ ಏನೂ ಕೆಟ್ಟಿಲ್ವಾ?"

"ಇಲ್ಲ. ನೀರು ಹಾಕದೇ ಇದ್ರೆ, ಆಗಾಗ ಸ್ಟಾರ್ಟ್ ಮಾಡಿದ್ರೆ ಸಾಕು, ಹಿಡ್ಕೊಳಲ್ಲ."

"ಹಾಕಂಗಿಲ್ಲ," ಎಂದರು ನೀಲಗಂಗಮ್ಮ. ನನ್ನ ಕಡೆ ತಿರುಗಿ, "ಮುಂದಿನ ಮುಚ್ಚಳಕ್ಕ ಹಾಕಬೌದಲ್ಲ?" ಎಂದರು.

ಚನ್ನಮಲ್ಲಪ್ಪನವರ ಮುಖದಲ್ಲಿ ನಗು ಬಂತೋ ಅಳು ಬಂತೋ, ಹೊಗೆಯಲ್ಲಿ ಕಾಣಲಿಲ್ಲ. ಅವರು ಶೆಡ್ಡಿನಿಂದ ಹೊರಗೆ ಹೋಗಿ, ಕಾಂಪೌಂಡು ಗೋಡೆಗೂ ಮನೆಗೂ ನಡುವಿನ ಜಾಗವನ್ನು ಹೆಜ್ಜೆ ಹಾಕಿ ಅಳೆಯತೊಡಗಿದರು. "ಮಾರುತಿ ಸಣ್ಣದು. ಇಲ್ಲೇ ಒಂದು ಶೀಟು ಇಳಿಸಿದ್ರೆ ಸಾಕೇನೋ" ಎಂದು ತಮಗೆ ತಾವೇ ಹೇಳಿಕೊಂಡರು.

"ಸಾಕು, ಆರಿಸಪಾ," ಎಂದರು ನೀಲಗಂಗಮ್ಮ ನನಗೆ. "ಸುಮ್ಮನ ಪೆಟ್ರೋಲು ಸುಡತೈತಿ."

ನಾನು ಕೀಲಿಯ ಮೇಲೆ ಕೈಯಿಟ್ಟೆ, ಆರಿಸಲಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ ಎಂಬುದು ನನಗೇ ಗೊತ್ತಿರಲಿಲ್ಲ.